ಶಾಸ್ತ್ರಗಳ ಗಡಿಯಲ್ಲಿ ಮುಂಗಾರು



ಈ ವೇದಿಕೆಯಿಂದ ಮಾತನಾಡಬೇಕೆಂಬ ಆಹ್ವಾನ ನನ್ನ ಕೈಸೇರಿದಾಗ, ವಿಷಯವನ್ನು ನಾನೇ ಆರಿಸಿಕೊಳ್ಳಬಹುದೆಂಬ ಔದಾರ್ಯವೂ ಅದರೊಡನೆ ಬಂದಿತ್ತು. ಔದಾರ್ಯವು ಕೆಲವು ವೇಳೆ ಕಟ್ಟಳೆಗಿಂತ ಹೆಚ್ಚಾಗಿ ಪೀಡಿಸುತ್ತದೆಂಬುದು ನನಗೆ ಆಮೇಲೆ ತಿಳಿಯಿತು. ಬಹುದಿನ ತಡವರಿಸಿ ಕಡೆಗೆ ನಾನು ಕೈಹಾಕಿದ್ದು ಒಂದು ಹಳೆಯ ಜಗಳಕ್ಕೆ. ಭೌತಶಾಸ್ತ್ರ, ರಸಾಯನಶಾಸ್ತ್ರ ಮೊದಲಾದವನ್ನು ಕಠಿನ ವಿಜ್ಞಾನಗಳೆಂದೂ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಮನಶ್ಶಾಸ್ತ್ರ ಮೊದಲಾದವನ್ನು ಮೃದು ವಿಜ್ಞಾನಗಳೆಂದೂ ವಿಂಗಡಿಸುವ ವಾಡಿಕೆ ವಿದ್ವತ್ಸಭೆಗಳಲ್ಲಿ ಬೇರೂರಿದೆ. ಈ ವಿಂಗಡಣೆಯಲ್ಲಿ ಪಂಕ್ತಿಭೇದವೊಂದು ಅಡಗಿದೆಯೆಂಬುದನ್ನು ಮೇಲಿನ ಪಂಕ್ತಿಯಲ್ಲಿ ಕುಳಿತವರು ಒಪ್ಪುವುದಿಲ್ಲ. ಕೆಳಗಿನ ಪಂಕ್ತಿಯವರು ಮರೆಯುವುದಿಲ್ಲ. ಕಠಿನವೆಂಬ ಮಾತಿಗೆ ನಮ್ಮ ನುಡಿಯಲ್ಲಿ ಎರಡು ಅರ್ಥಗಳುಂಟಷ್ಟೆ: ಕಲ್ಲಿನಂತೆ ಗಟ್ಟಿಯಾದುದು ಎಂಬುದೊಂದು, ಸುಲಭವಲ್ಲದುದು ಎಂಬುದಿನ್ನೊಂದು. ಮೊದಲನೆಯ ಅರ್ಥದಲ್ಲಿ ಗ್ರಹಗಳ ಗತಿಯನ್ನು ಕುರಿತ ಶಾಸ್ತ್ರ ಕಠಿನವೆಂಬುದು ನಿಜ, ಏಕೆಂದರೆ ಅದರ ಸಿದ್ಧಾಂತಗಳು ಗುದ್ದಿದರೂ ಬಗ್ಗುವುದಿಲ್ಲ. ಎರಡನೆಯ ಅರ್ಥದಲ್ಲಿ ನೋಡಿದರೆ ಗ್ರಹವು ಎಷ್ಟೋ ಸಾಧು ಪ್ರಾಣಿ, ಸಂತೆಯಲ್ಲಿ ಈರುಳ್ಳಿಯ ಧಾರಣೆಯೇ ನಿಜವಾದ ಮೊಂಡುಜಂತು.

ನನ್ನ ವಾದವನ್ನು ಮೊದಲೇ ಹೇಳಿಬಿಡುವುದು ಯುಕ್ತ. ಗುಟ್ಟನ್ನು ಕಡೆಯ ಪುಟದವರೆಗೂ ಬಚ್ಚಿಡಲು ಉಪನ್ಯಾಸಕಾರನೇನೂ ಪತ್ತೇದಾರಿ ಕಾದಂಬರಿಕಾರನಲ್ಲ. ಈ ಗಡಿಯನ್ನು ಜಡಪದಾರ್ಥಕ್ಕೂ ಮನುಷ್ಯನಿಗೂ ನಡುವೆ ಎಳೆದಿದೆಯೆಂದು ನಾವು ನಂಬಿದ್ದೇವೆ. ಆದರೆ ವಸ್ತುವಿನ ಸಂಕೀರ್ಣತೆ ಎಲ್ಲೆಲ್ಲಿ ಒಂದು ಮಟ್ಟವನ್ನು ಮೀರುವುದೋ ಅಲ್ಲೆಲ್ಲ, ಭೌತಶಾಸ್ತ್ರದ ಸ್ವಂತ ಹೊಲದ ನಡುವೆ ಕೂಡ, ಆ ಗಡಿ ಹಾದುಹೋಗುತ್ತದೆಂದು ನನಗೆ ತೋರುತ್ತದೆ. ಇದಕ್ಕೆ ಸಾಕ್ಷಿಯಾಗಿ ನಾನು ಕರೆಯಿಸುವುದು ನಮಗೆಲ್ಲ ಪರಿಚಿತವಾದ ಮುಂಗಾರನ್ನು.

ಸಂಕೀರ್ಣವೆಂಬ ಮಾತಿನ ಬಗೆಗೆ ಎರಡು ನುಡಿ. ಜಟಿಲ, ಸಂಕೀರ್ಣ ಎಂಬೆರಡು ಶಬ್ದಗಳನ್ನು ನಾವು ಒಂದೇ ಅರ್ಥದಲ್ಲಿ ಬಳಸಿಬಿಡುತ್ತೇವೆ. ಹಾಗೆ ಮಾಡದಿರುವುದು ಮೇಲು. ಜಟಿಲವೆಂದರೆ ಜಡೆಗಟ್ಟಿದುದು, ಎಳೆಗಳು ಎಷ್ಟೇ ತೊಡಕಾಗಿದ್ದರೂ ಎಣ್ಣೆ ಹಚ್ಚಿ ತಾಳ್ಮೆಯಿಂದ ಬಾಚಣಿಗೆಯಾಡಿಸಿದರೆ ಒಂದೊಂದು ಎಳೆಯೂ ಬಿಡಿಯಾಗಿ ಕೈಗೆ ಬರುತ್ತದೆ. ಗಡಿಯಾರ ಈ ಜಾತಿಯದು. ಬಿಚ್ಚಿದವನು, ಜಾಣನಾಗಿದ್ದರೆ, ಮತ್ತೆ ಜೋಡಿಸಬಲ್ಲನು. ಸಂಕೀರ್ಣವೆಂದರೆ ಬೆರೆತುಹೋದುದು. ಒಲೆಯ ಮೇಲೆ ಕುದಿದ ಹುಳಿಯಲ್ಲಿ ಬೇಳೆ, ಹುಣಿಸೆ, ಮೆಣಸಿನಕಾಯಿ, ಇಂಗು ಒಂದರೊಳಗೊಂದು ಸೇರಿ, ಮೊದಲು ಯಾವುದರಲ್ಲಿಯೂ ಇಲ್ಲದಿದ್ದ ರುಚಿಯೊಂದು ಹುಟ್ಟಿರುತ್ತದೆ. ಅದರಿಂದ ಹುಣಿಸೆಯನ್ನು ಮರಳಿ ಹೆಕ್ಕಿ ತೆಗೆಯಹೊರಟವನಿಗೆ ಹುಣಿಸೆಯೂ ಸಿಕ್ಕದು, ಹುಳಿಯೂ ಉಳಿಯದು. ನಮ್ಮ ಸಂಗೀತಶಾಸ್ತ್ರದವರು ರಾಗಗಳನ್ನು ಶುದ್ಧ, ಛಾಯಾಲಗ, ಸಂಕೀರ್ಣವೆಂದು ವಿಭಾಗಿಸಿದಾಗ ಅವರ ಮನಸ್ಸಿನಲ್ಲಿದ್ದುದೂ ಈ ಬೆರಕೆಯೇ.

ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ದಾರ್ಶನಿಕ ಓಗ್ಯೂಸ್ತ್ ಕೋಂತನು, 1830ರಿಂದ 1842ರವರೆಗೆ ಆರು ಸಂಪುಟಗಳಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದಲ್ಲಿ, ಗಣಿತ, ಖಗೋಳ, ಭೌತ, ರಸಾಯನ, ಜೀವಶಾಸ್ತ್ರ, ಸಮಾಜಶಾಸ್ತ್ರ ಎಂಬ ಮೆಟ್ಟಿಲುಗಳ ಏಣಿಯೊಂದನ್ನು ನಿಲ್ಲಿಸಿದನು. ಮೇಲೇರಿದಂತೆ ವಿಷಯದ ವ್ಯಾಪ್ತಿ ಕಿರಿದಾಗುತ್ತದೆ, ಸಂಕೀರ್ಣತೆ ಹಿರಿದಾಗುತ್ತದೆ ಎಂಬುದು ಅವನ ಕ್ರಮ. ಅವನ ಏಣಿಯಲ್ಲಿ ಸಮಾಜಶಾಸ್ತ್ರವು ತುದಿಯ ಮೆಟ್ಟಿಲು. ಇಂದಿನ ಪಂಕ್ತಿಭೇದವು ಅದನ್ನೇ ತಲೆಕೆಳಗಾಗಿ ಹಿಡಿದಿದೆ. ಆದರೂ ಕೋಂತನ ಏಣಿಗೂ ಒಂದು ದೋಷವುಂಟು: ಒಂದೊಂದು ಶಾಸ್ತ್ರವೂ ತನ್ನ ಮೆಟ್ಟಿಲಿನ ಮೇಲೆ ಕದಲದೆ ಕುಳಿತಿರುತ್ತದೆಂದು ಅದು ಭಾವಿಸುತ್ತದೆ. ಮಳೆಯ ಕಥೆಯನ್ನು ಕೇಳಿದವರಿಗೆ ಹಾಗೆ ಭಾವಿಸುವುದು ಕಷ್ಟ.

1876ರಲ್ಲಿ, ನಮ್ಮ ಹಿರಿಯರ ಎಣಿಕೆಯ ಧಾತು ಸಂವತ್ಸರದಲ್ಲಿ, ದಕ್ಷಿಣದ ಸೀಮೆಗಳಿಗೆ ಮಳೆ ಕೈಕೊಟ್ಟಿತು. ಮರುವರ್ಷ ಈಶ್ವರದಲ್ಲಿ ಕಷ್ಟ ಇಮ್ಮಡಿಸಿತು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತೆಂದರೆ ಉಳಿದುದನ್ನು ಊಹಿಸಿಕೊಳ್ಳಬಹುದು. ಇಷ್ಟು ಜನ ಸತ್ತದ್ದು ಮುಗಿಲಿನ ದೋಷದಿಂದಲೋ ಮಾರುಕಟ್ಟೆಯ ದೋಷದಿಂದಲೋ ಎಂಬ ಪ್ರಶ್ನೆಗೆ ಒಂದೇ ಶಾಸ್ತ್ರದಲ್ಲಿ ಉತ್ತರವಿಲ್ಲ. ಮಳೆ ಬಾರದುದು ವಾಯುಮಂಡಲದ ವಿಷಯ, ಬೆಲೆ ಏರಿದುದೂ, ಆ ವರ್ಷಗಳಲ್ಲಿಯೇ ಈ ದೇಶದ ಧಾನ್ಯ ಹಡಗು ಹತ್ತಿ ಹೊರಗೆ ಹೋದುದೂ ಅರ್ಥಶಾಸ್ತ್ರದ ವಿಷಯ, ಕೂಲಿಯವನ ಕೈಯಲ್ಲಿ ಕಾಸಿಲ್ಲದೆಹೋದುದು ಸಮಾಜದ ವಿಷಯ. ಬರವೆಂಬುದು ಹುಟ್ಟಾ ಸಂಕೀರ್ಣ ರಾಗ.

ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಸ್ಟಾನ್ಲಿ ಜೆವನ್ಸ್ ಎಂಬ ಅರ್ಥಶಾಸ್ತ್ರಜ್ಞನಿದ್ದನು. ಅರ್ಥಶಾಸ್ತ್ರವನ್ನು ಗಣಿತದ ಅಡಿಪಾಯದ ಮೇಲೆ ನಿಲ್ಲಿಸಬೇಕೆಂದು ಹಂಬಲಿಸಿದವರಲ್ಲಿ ಅವನು ಅಗ್ರಗಣ್ಯ. ತನ್ನ ದೇಶದ ವ್ಯಾಪಾರವು ಹತ್ತು ಹನ್ನೊಂದು ವರ್ಷಗಳಿಗೊಮ್ಮೆ ಕುಸಿಯುವುದನ್ನು ಕಂಡು, ಸೂರ್ಯನ ಮೇಲಣ ಕಲೆಗಳೂ ಅಷ್ಟೇ ವರ್ಷಗಳಿಗೊಮ್ಮೆ ಹೆಚ್ಚಿ ಕುಗ್ಗುವುದನ್ನು ನೆನೆದು, ಸೂರ್ಯನ ಕಲೆ ಇಂಡಿಯಾದ ಮಳೆಯನ್ನೂ, ಆ ಮಳೆ ಇಲ್ಲಿನ ಬೆಳೆಯನ್ನೂ, ಆ ಬೆಳೆ ಇಲ್ಲಿನವರ ಕೊಳ್ಳುವ ಶಕ್ತಿಯನ್ನೂ, ಅದು ಇಂಗ್ಲೆಂಡಿನ ವ್ಯಾಪಾರವನ್ನೂ ಆಳುತ್ತದೆಂಬ ಭವ್ಯವಾದ ಸರಪಳಿಯೊಂದನ್ನು ಅವನು ಕಲ್ಪಿಸಿದನು. ಕಲೆಗಳ ಆವರ್ತವು 11.11 ವರ್ಷಗಳೆಂದು ಮೊದಲು ಅವನು ನಂಬಿದ್ದನು. ಖಗೋಳಜ್ಞರಲ್ಲೊಬ್ಬರು ಅದು 10.45 ವರ್ಷಗಳೆಂದು ತಿದ್ದಿದಾಗ, ವ್ಯಾಪಾರದ ಕುಸಿತಗಳನ್ನೂ ಅದಕ್ಕೆ ಸರಿಯಾಗಿ ಮತ್ತೆ ಎಣಿಸಿ, ಹೊಂದಿಕೆ ಇನ್ನೂ ಚೆನ್ನಾಯಿತೆಂದು ಸಂತೋಷಪಟ್ಟನು. ಇಂದು ನಾವು ನಗಬಹುದು. ಆದರೆ ಅವನ ಮೋಹದ ಸ್ವರೂಪವನ್ನು ಗಮನಿಸಬೇಕು: ಮೆತ್ತನೆಯ ಶಾಸ್ತ್ರವೊಂದು ಗಟ್ಟಿಯಾಗಬೇಕಾದರೆ ಸೂರ್ಯನವರೆಗೂ ಕೈಚಾಚಿ ಅಲ್ಲಿಂದ ನಿಯತಿಯನ್ನು ಕಡ ತರಬೇಕೆಂದು ಅವನು ಬಗೆದನು. ನಡುವೆ ಇದ್ದ ಇಂಡಿಯಾದ ಮಳೆಯು ಒಂದು ನಿಷ್ಠಾವಂತ ಕೊಂಡಿಯೆಂದು ಅವನು ತಿಳಿದದ್ದೇ ತಪ್ಪು.

ಆ ಕೊಂಡಿಯನ್ನು ಪರೀಕ್ಷಿಸುವ ಭಾರ 1875ರಲ್ಲಿ ಸ್ಥಾಪಿತವಾದ ಭಾರತೀಯ ಪವನವಿಜ್ಞಾನ ಇಲಾಖೆಯ ಮೇಲೆ ಬಿದ್ದಿತು. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡನು, ಹಿಮಾಲಯದಲ್ಲಿ ಹಿಮ ಹೆಚ್ಚಾಗಿ ಬಿದ್ದ ವರ್ಷ ಮುಂಗಾರು ಕುಗ್ಗುತ್ತದೆಂದು 1884ರಲ್ಲಿ ಹೇಳಿ, 1886ರಿಂದ ಮುನ್ಸೂಚನೆಗಳನ್ನು ಪ್ರಕಟಿಸತೊಡಗಿದನು. ಅವನ ತರುವಾಯ ಬಂದ ಜಾನ್ ಎಲಿಯಟ್ಟನು ಅವನ್ನು ಮತ್ತಷ್ಟು ವಿಸ್ತಾರವಾಗಿ ಬರೆದನು. 1899ರಲ್ಲಿ ಮಳೆ ಆ ವಿಸ್ತಾರವನ್ನೆಲ್ಲ ಲೆಕ್ಕಿಸದೆ ಹೋಯಿತು. ಆಗ, 1904ರಲ್ಲಿ, ಇಲಾಖೆಯ ಚುಕ್ಕಾಣಿಯನ್ನು ಹಿಡಿಯಲು ಬಂದವನು ಗಿಲ್ಬರ್ಟ್ ವಾಕರ್.

ಈ ವ್ಯಕ್ತಿಯ ಬಳಿ ಸ್ವಲ್ಪ ಹೊತ್ತು ನಿಲ್ಲಲು ಸಭೆಯ ಅಪ್ಪಣೆಯನ್ನು ಬೇಡುತ್ತೇನೆ. ವಾಕರನು 1889ರಲ್ಲಿ ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೊದಲಿಗನಾಗಿ ತೇರ್ಗಡೆಯಾದವನು, ವಿದ್ಯುದ್ಗತಿಶಾಸ್ತ್ರದಲ್ಲಿ ನುರಿತವನು, ಎಸೆದವನ ಕೈಗೇ ತಿರುಗಿ ಬರುವ ಬೂಮರಾಂಗಿನ ಚಲನೆಯನ್ನು ಗಣಿತದಿಂದ ವಿವರಿಸಿದ್ದಲ್ಲದೆ, ಕಾಲೇಜಿನ ಹಿತ್ತಲ ಬಯಲಿನಲ್ಲಿ ಸ್ವತಃ ಎಸೆದು ತೋರಿಸಿ ‘ಬೂಮರಾಂಗ್ ವಾಕರ್’ ಎಂಬ ಅಡ್ಡಹೆಸರನ್ನು ಪಡೆದವನು. ಕಠಿನ ವಿಜ್ಞಾನಕ್ಕೆ ಮೂರ್ತಿಯೊಂದನ್ನು ಕಡೆಯಬೇಕಾದರೆ ಇವನನ್ನೇ ಎದುರಿಗೆ ಕೂರಿಸಬಹುದಾಗಿತ್ತು. ಹವೆಯ ಶಾಸ್ತ್ರವನ್ನು ಮಾತ್ರ ಅವನು ಕಲಿತವನಲ್ಲ. ಇಂಥವನು ಬಂದು, ದ್ರವಗಳ ಚಲನೆಯ ಸಮೀಕರಣಗಳನ್ನು ಹಿಡಿದು ಮುಂಗಾರನ್ನು ಬಿಡಿಸಿಬಿಡುತ್ತಾನೆಂದು ಯಾರಾದರೂ ನಿರೀಕ್ಷಿಸಬಹುದು. ಆ ಸಮೀಕರಣಗಳು ಆಗಲೇ ಇದ್ದವು; ಅವುಗಳಲ್ಲಿ ತಪ್ಪೂ ಇರಲಿಲ್ಲ. ಆದರೆ ಅವನ್ನು ಹಿಡಿದು ಹೊರಟರೆ ಮುಟ್ಟುವುದು ದಡವಿಲ್ಲದ ನೀರೆಂದು, ಗಣಿತವನ್ನು ಬಲ್ಲವನಾದುದರಿಂದಲೇ ವಾಕರನು ಕಂಡುಕೊಂಡನು. ಬಲ್ಲವನ ಸೋಲಿಗೂ ಅರಿಯದವನ ಸೋಲಿಗೂ ಇರುವ ಅಂತರ ಇದು.

ಆಗ ಅವನು ಮಾಡಿದ ಕೆಲಸ ವಿಸ್ಮಯಕರ. ಸಿಮ್ಲಾದ ಕಚೇರಿಯಲ್ಲಿ ಗುಮಾಸ್ತರ ಪಡೆಯೊಂದನ್ನು ಲೆಕ್ಕಕ್ಕೆ ಕೂರಿಸಿ, ಪ್ರಪಂಚದ ಮೂಲೆಮೂಲೆಗಳ ಹವೆಯ ದಾಖಲೆಗಳನ್ನು ತರಿಸಿ, ಯಾವುದು ಏರಿದಾಗ ಯಾವುದು ಏರುತ್ತದೆ, ಯಾವುದು ಇಳಿಯುತ್ತದೆ ಎಂದು ಜೋಡಿ ಜೋಡಿಯಾಗಿ ತೂಗಿಸತೊಡಗಿದನು. 1909ರ ವೇಳೆಗೆ ಅವನ ಮುನ್ಸೂಚನೆಯ ಸೂತ್ರದಲ್ಲಿ ಹಿಮಾಲಯದ ಹಿಮ, ಮಾರಿಷಸ್ಸಿನ ವಾಯುಭಾರ, ದಕ್ಷಿಣ ಅಮೆರಿಕದ ವಾಯುಭಾರ, ಜಾಂಜಿಬಾರಿನ ಮಳೆ ಇವು ನಾಲ್ಕೂ ಒಟ್ಟಿಗೆ ಕುಳಿತಿದ್ದವು. ಜಾಂಜಿಬಾರಿನಲ್ಲಿ ಸುರಿದ ಮಳೆಗೂ ನಮ್ಮ ಹೊಲಕ್ಕೂ ಏನು ಸಂಬಂಧವೆಂದು ಕೇಳಿದರೆ, ಕಾರಣ ಹೇಳುವ ಹೊಣೆಯನ್ನು ಆ ಸೂತ್ರ ಹೊತ್ತಿರಲಿಲ್ಲ; ಜೊತೆಜೊತೆಯಾಗಿ ಕಂಡುಬರುತ್ತವೆ ಎಂಬುದಷ್ಟೇ ಅದರ ಮಾತು. ಈ ಸಹಸಂಬಂಧದ ಗಣಿತ ಅವನ ಕೈಗೆ ಬಂದದ್ದು ಎಲ್ಲಿಂದ? ಮನುಷ್ಯರ ಎತ್ತರ, ಮೊಣಕೈಯ ಉದ್ದ, ತಲೆಯ ಅಗಲ ಇವುಗಳನ್ನು ಅಳೆದು, ವಂಶದ ಗುಣಗಳು ಹೇಗೆ ಇಳಿಯುತ್ತವೆಂದು ತಿಳಿಯಹೊರಟ ಫ್ರಾನ್ಸಿಸ್ ಗಾಲ್ಟನ್ನನು 1888ರಲ್ಲಿ ಅದಕ್ಕೆ ನಾಂದಿ ಹಾಡಿದನು. ಕಾರ್ಲ್ ಪಿಯರ್ಸನ್ನನು ಅದನ್ನು ಬೆಳೆಸಿದನು. ಎಂದರೆ, ಕೇಂಬ್ರಿಜ್‌ನ ಗಣಿತಶಿಖಾಮಣಿಯು ಗಾಳಿನೀರುಗಳೆಂಬ ಶುದ್ಧ ಜಡವಸ್ತುಗಳ ಮುಂದೆ ಕುಳಿತು, ಮನುಷ್ಯನನ್ನು ಅಳೆಯಲು ಹುಟ್ಟಿದ ಮೆತ್ತನೆಯ ಶಾಸ್ತ್ರದ ಕೋಲನ್ನು ಎರವಲು ಕೇಳಿದನು. ಜೆವನ್ಸನು ಮನುಷ್ಯರ ಸಂತೆಯಿಂದ ಸೂರ್ಯನ ಕಡೆಗೆ ನಡೆದನು. ವಾಕರನು ಮುಗಿಲಿನಿಂದ ಮನುಷ್ಯರ ಕಡೆಗೆ ನಡೆದುಬಂದನು. ದಾರಿಯಲ್ಲಿ ಅವನು ಸೂರ್ಯನ ಕಲೆಗಳನ್ನೂ ತೂಗಿ ನೋಡಿ, ನಮ್ಮ ಮಳೆಗೂ ಅವಕ್ಕೂ ಹೇಳಿಕೊಳ್ಳುವಷ್ಟು ನಂಟಿಲ್ಲವೆಂದು ಬದಿಗಿಟ್ಟನು.

ಅವನ ಶೀಲವನ್ನು ತೋರಿಸುವ ಸಂಗತಿ ಇನ್ನೊಂದುಂಟು. ನೂರು ಜೋಡಿಗಳನ್ನು ತೂಗಿ, ಅವುಗಳಲ್ಲಿ ಚೆನ್ನಾಗಿ ಹೊಂದಿದುದನ್ನು ಆರಿಸಿ ಎತ್ತಿ ಹಿಡಿದರೆ, ಆ ಹೊಂದಿಕೆ ಕೇವಲ ಕಾಕತಾಳೀಯವಾಗಿರಬಹುದೆಂಬ ಶಂಕೆಯನ್ನು 1914ರಷ್ಟು ಹಿಂದೆಯೇ ಎತ್ತಿ, ಅದನ್ನು ಅಳೆಯುವ ಕ್ರಮವನ್ನೂ ಅವನು ಹೇಳಿಕೊಟ್ಟನು. ತನ್ನ ಬಲೆಯಲ್ಲಿ ಎಷ್ಟು ತೂತುಗಳಿವೆಯೆಂದು ತಾನೇ ಎಣಿಸಿ ಹೇಳುವ ಬೆಸ್ತನು ಅಪರೂಪ.

ಬಲೆಗೆ ಕಡೆಗೆ ಸಿಕ್ಕಿದ್ದು ದೊಡ್ಡ ಮೀನು. ಬಾವಿಯ ಏತವನ್ನು ನೋಡಿದವರಿಗೆ ಹೇಳಬೇಕಾದುದಿಲ್ಲ: ಮರದ ಒಂದು ತುದಿ ಏರಿದರೆ ಇನ್ನೊಂದು ತುದಿ ಇಳಿಯುತ್ತದೆ. ಪೆಸಿಫಿಕ್ ಸಾಗರದ ಮೇಲೆ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಮೇಲೆ ಇಳಿಯುವ, ಅಲ್ಲಿ ಇಳಿದಾಗ ಇಲ್ಲಿ ಏರುವ, ಅರ್ಧ ಭೂಗೋಳವನ್ನು ವ್ಯಾಪಿಸಿದ ಏತವೊಂದನ್ನು ವಾಕರನು ಅಂಕಿಗಳ ರಾಶಿಯಲ್ಲಿ ಕಂಡು, 1924ರಲ್ಲಿ ಅದಕ್ಕೆ ‘ದಕ್ಷಿಣದ ಆಂದೋಲನ’ವೆಂದು ಹೆಸರಿಟ್ಟನು. ಏಕೆ ಹೀಗೆ ಎಂದು ಮಾತ್ರ ಅವನಿಂದ ಹೇಳಲಾಗಲಿಲ್ಲ. ಪೆಸಿಫಿಕ್ಕಿನ ನೀರು ಬೆಚ್ಚಗಾಗುವ ಎಲ್ ನಿನ್ಯೋಗೂ ಈ ಏತಕ್ಕೂ ಇರುವ ಗಂಟನ್ನು ಪವನಶಾಸ್ತ್ರಜ್ಞ ಜೇಕಬ್ ಬ್ಯರ್ಕ್‌ನೆಸ್ ಬಿಚ್ಚಿ ತೋರಿಸಿದ್ದು 1969ರಲ್ಲಿ. ವಾಕರನು ತೀರಿಕೊಂಡು ಆಗ ಹತ್ತು ವರ್ಷಗಳು ಕಳೆದಿದ್ದವು. ವಿಪರ್ಯಾಸವೆಂದರೆ, ಯಾವ ಮುಂಗಾರಿಗಾಗಿ ಇಷ್ಟೆಲ್ಲ ದುಡಿದನೋ ಅದನ್ನು ಮುಂಚಿತವಾಗಿ ಹೇಳಲು ಈ ಏತ ಅವನಿಗೆ ಒದಗಲಿಲ್ಲ. ಮುಂಗಾರು ಇತರ ದೇಶಗಳ ಹವೆಯನ್ನು ಮುಂದಾಗಿ ಸಾರುವುದರಲ್ಲಿ ಸಮರ್ಥವೇ ಹೊರತು, ತಾನು ಬೇರೊಬ್ಬರ ಸಾರಿಕೆಗೆ ಸಿಕ್ಕುವಂಥದಲ್ಲವೆಂದು, ಅವನ ಅನಂತರ ಅದೇ ಗಾದಿಯಲ್ಲಿ ಕುಳಿತಿದ್ದ ಚಾರ್ಲ್ಸ್ ನಾರ್ಮಂಡ್ ಮುಂದೆ ವಿಷಾದ ಬೆರೆತ ವಿನೋದದಿಂದ ಬರೆದರು.

ಗಟ್ಟಿ ಶಾಸ್ತ್ರವು ಮೆತ್ತನೆಯ ಶಾಸ್ತ್ರದಿಂದ ಎರವಲು ತಂದದ್ದು ಇದೇ ಮೊದಲೇನಲ್ಲ. ಬ್ರಸೆಲ್ಸಿನ ವೇಧಶಾಲೆಯ ಖಗೋಳಜ್ಞ ಕ್ವೆಟ್ಲೆಯು 1835ರಲ್ಲಿ, ದೇಶವೊಂದರಲ್ಲಿ ನಡೆಯುವ ಮದುವೆ, ಅಪರಾಧ ಮೊದಲಾದವುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚು ಕದಲದೆ ನಿಲ್ಲುವುದನ್ನು ತೋರಿಸಿ, ಒಬ್ಬೊಬ್ಬನ ಸ್ವೇಚ್ಛೆಯೂ ಲಕ್ಷ ಜನರ ಗುಂಪಿನಲ್ಲಿ ಕರಗಿ ನಿಯಮವಾಗುತ್ತದೆಂದು ಸಾರಿದನು. (ಅವನು ತನ್ನ ಶಾಸ್ತ್ರವನ್ನು ‘ಸಾಮಾಜಿಕ ಭೌತಶಾಸ್ತ್ರ’ವೆಂದು ಕರೆದುದರಿಂದ ರೇಗಿದ ಕೋಂತನು, ಅದೇ ಹೆಸರನ್ನು ತಾನು ಬಿಟ್ಟು, ‘ಸೋಷಿಯಾಲಜಿ’ ಎಂಬ ಹೊಸ ಶಬ್ದವನ್ನು ಟಂಕಿಸಿದನು; ಶಾಸ್ತ್ರಗಳ ನಾಮಕರಣದಲ್ಲಿಯೂ ದಾಯಾದಿಮತ್ಸರಕ್ಕೆ ಪಾಲುಂಟು.) ಕ್ವೆಟ್ಲೆಯನ್ನು ಕುರಿತು ಜಾನ್ ಹರ್ಷಲ್ ಬರೆದ ವಿಮರ್ಶೆಯನ್ನು ತರುಣ ಭೌತಶಾಸ್ತ್ರಜ್ಞ ಮ್ಯಾಕ್ಸ್‌ವೆಲ್ ಓದಿದನು; ಮುಂದೆ ಅನಿಲದ ಕಣಗಳ ವೇಗವನ್ನು ಕುರಿತು ಅವನು ಬರೆದಾಗ, ಒಂದೊಂದು ಕಣದ ಗೊಡವೆಯನ್ನು ಬಿಟ್ಟು ಗುಂಪಿನ ಸರಾಸರಿಯನ್ನು ಹಿಡಿಯುವ ಉಪಾಯ ಜನಗಣತಿಯ ಈ ಉಪಾಯವೇ ಆಗಿತ್ತು. ನಮ್ಮ ಪಠ್ಯಪುಸ್ತಕಗಳಲ್ಲಿ ಆ ವೇಗಗಳ ನಿಯಮ ಇಂದು ವಜ್ರದಂತೆ ಗಟ್ಟಿ. ಆ ವಜ್ರದ ಹುಟ್ಟೂರು ಜನಗಣತಿಯ ಕಡತ.

ಆದರೆ ಅನಿಲದಲ್ಲಿ ಫಲಿಸಿದ ಉಪಾಯ ಮುಂಗಾರಿನಲ್ಲಿ ಏಕೆ ಪೂರ್ಣವಾಗಿ ಫಲಿಸಲಿಲ್ಲ? ಇದಕ್ಕೆ ಅಮೆರಿಕದ ಗಣಿತಜ್ಞ ವಾರನ್ ವೀವರ್ 1948ರಲ್ಲಿ ಕೊಟ್ಟ ಉತ್ತರ ನನಗೆ ಬಹಳ ಮೆಚ್ಚಿಗೆಯಾದುದು. ಎರಡು ಮೂರು ಸಂಗತಿಗಳು ಮಾತ್ರ ಕೂಡಿರುವ ಸರಳ ಪ್ರಶ್ನೆಗಳು ಒಂದು ಕಡೆ. ಕೋಟ್ಯಂತರ ಸಂಗತಿಗಳು ಒಂದಕ್ಕೊಂದು ನಂಟಿಲ್ಲದೆ ಜಾತ್ರೆಯಲ್ಲಿ ಅಲೆದಾಡುವ ಪ್ರಶ್ನೆಗಳು ಇನ್ನೊಂದು ಕಡೆ. ಮೊದಲನೆಯದನ್ನು ನ್ಯೂಟನ್ನನ ಗಣಿತ ಗೆಲ್ಲುತ್ತದೆ, ಎರಡನೆಯದನ್ನು ಸರಾಸರಿ ಗೆಲ್ಲುತ್ತದೆ. ಇವೆರಡರ ನಡುವೆ, ಅನೇಕ ಸಂಗತಿಗಳು ಒಂದಕ್ಕೊಂದು ಕೈಹಿಡಿದು, ಅವಿಭಕ್ತ ಕುಟುಂಬದಂತೆ ಒಬ್ಬರ ಮುನಿಸಿಗೆ ಎಲ್ಲರೂ ಊಟ ಬಿಡುವ ಬಗೆಯಲ್ಲಿ ಬಾಳುವ ಸೀಮೆಯೊಂದಿದೆ. ವೀವರರು ಅದನ್ನು ಸುಸಂಘಟಿತ ಸಂಕೀರ್ಣತೆಯೆಂದು ಕರೆದರು. ಜೀವಕೋಶ ಅಲ್ಲಿದೆ, ಸಂತೆಯ ಧಾರಣೆ ಅಲ್ಲಿದೆ, ಮುಂಗಾರೂ ಅಲ್ಲಿದೆ. ಅಲ್ಲಿ ಬಿಡಿಯಾಗಿ ಹಿಡಿಯಲು ಎಳೆಗಳು ಮಿತಿಮೀರಿವೆ. ಸರಾಸರಿಯಲ್ಲಿ ಮುಳುಗಿಸಲು ಅವುಗಳ ನಂಟು ಬಿಡುವುದಿಲ್ಲ. ಕುಟುಂಬ ದೊಡ್ಡದಾಗಿರಬೇಕೆಂದೂ ಇಲ್ಲ. 1961ರಲ್ಲಿ ಪವನಶಾಸ್ತ್ರಜ್ಞ ಎಡ್ವರ್ಡ್ ಲೊರೆಂಜ್ ಗಣಕಯಂತ್ರದಲ್ಲಿ ಹನ್ನೆರಡು ಸಮೀಕರಣಗಳ ಆಟಿಕೆಯ ಹವೆಯೊಂದನ್ನು ಓಡಿಸುತ್ತಿದ್ದಾಗ, 0.506127 ಎಂಬ ಸಂಖ್ಯೆಗೆ ಬದಲಾಗಿ 0.506 ಎಂದು ಕೊಟ್ಟು ಕಾಫಿಗೆ ಎದ್ದುಹೋಗಿ, ಬಂದು ನೋಡುವಷ್ಟರಲ್ಲಿ ಆಟಿಕೆಯ ಹವೆ ಗುರುತು ಸಿಕ್ಕದ ಹಾದಿ ಹಿಡಿದಿತ್ತು. ನಿಯಮ ತಪ್ಪಿರಲಿಲ್ಲ, ಯಂತ್ರ ಕೆಟ್ಟಿರಲಿಲ್ಲ.

ನಮ್ಮ ಕಾಲದಲ್ಲಿಯೇ ನಡೆದ ಒಂದು ಪ್ರಕರಣವನ್ನು ನೆನೆಯೋಣ. 1997ರಲ್ಲಿ ಪೆಸಿಫಿಕ್ಕಿನಲ್ಲಿ ಎಲ್ ನಿನ್ಯೋ ಶತಮಾನದಲ್ಲೇ ಅತಿಪ್ರಬಲವೆನ್ನಿಸುವಷ್ಟು ಬೆಳೆದಿತ್ತು. ಬರ ಬಂದೇಬರುವುದೆಂದು ಎಲ್ಲರೂ ಅಂಜಿದರು. ದೇಶದ ಮಳೆ ಸರಾಸರಿಯ ಶೇಕಡಾ 102 ಆಯಿತು. 2002ರಲ್ಲಿ ಎಲ್ ನಿನ್ಯೋ ಸಾಧಾರಣ. ಹದಿನಾರು ಲಕ್ಷಣಗಳನ್ನು ತೂಗುವ ಸೂತ್ರ ಎಂದಿನ ಮಳೆಯನ್ನೇ ನುಡಿಯಿತು. ಜುಲೈ ತಿಂಗಳ ಮಳೆ ಸುಮಾರು ಅರ್ಧಕ್ಕೆ ಕುಸಿದು, ಮುಂಗಾರು ಶೇಕಡಾ 81ಕ್ಕೆ ನಿಂತಿತು. ಇಂಥ ಸೋಲನ್ನು ಅರ್ಥಶಾಸ್ತ್ರಜ್ಞನೊಬ್ಬನು ಕಂಡಿದ್ದರೆ ಅವನ ಶಾಸ್ತ್ರದ ಮೃದುತ್ವಕ್ಕೆ ಅದೇ ಸಾಕ್ಷಿಯೆನ್ನುತ್ತಿದ್ದೆವು; ಭೌತಶಾಸ್ತ್ರದ ನೆಂಟನಾದ ಪವನಶಾಸ್ತ್ರಕ್ಕೆ ರಿಯಾಯಿತಿ ದೊರೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸುಲೋಚನಾ ಗಾಡ್ಗೀಳರೂ ಅವರ ಸಂಗಡಿಗರೂ ಈ ಎರಡು ವರ್ಷಗಳ ಒಗಟನ್ನು ಬಿಡಿಸಹೊರಟು, ಪೆಸಿಫಿಕ್ಕನ್ನು ಮಾತ್ರ ನೋಡಿದರೆ ಸಾಲದು, ಸಮಭಾಜಕದ ಬಳಿ ಹಿಂದೂ ಮಹಾಸಾಗರದ ಮೇಲಣ ಮೋಡಗಳ ಓಲಾಟವನ್ನೂ ಕೂಡಿಸಿ ನೋಡಬೇಕೆಂದು ವಾದಿಸಿದರು. ಅದಕ್ಕಿಂತ ನನ್ನ ಮನಸ್ಸನ್ನು ಸೆಳೆದದ್ದು ಅವರ ಇನ್ನೊಂದು ಕೆಲಸ. ಗಣಿತದಲ್ಲಿ ಪಳಗಿದ ಆ ವಿದುಷಿ ಬಯಲುಸೀಮೆಯ ಶೇಂಗಾ ಬೆಳೆಯುವ ಒಕ್ಕಲಿಗರ ಬಳಿಗೆ ಹೋಗಿ, ಯಾವಾಗ ಬಿತ್ತುತ್ತೀರಿ, ಏಕೆ ಬಿತ್ತುತ್ತೀರಿ, ಮಳೆಯ ವಿಷಯದಲ್ಲಿ ನಿಮಗೆ ಏನು ಗೊತ್ತಾದರೆ ಉಪಯೋಗವೆಂದು ಕೇಳಿ ತಿಳಿದರು. ಮಘೆಯ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು ಎನ್ನುವ ಜನ ಅವರು; ನಕ್ಷತ್ರ ನಕ್ಷತ್ರಕ್ಕೂ ಅವರಲ್ಲಿ ಒಂದು ಗಾದೆಯುಂಟು. ಮುಗಿಲಿನ ಶಾಸ್ತ್ರ ಹೊಲಕ್ಕೆ ಇಳಿದಾಗ ಪ್ರಶ್ನಾವಳಿ ಹಿಡಿದು ಸಮಾಜಶಾಸ್ತ್ರವಾಗದೆ ಅದಕ್ಕೆ ಗತಿಯಿರಲಿಲ್ಲ.

ಇಲ್ಲಿ ನನ್ನ ವಾದಕ್ಕೆ ನಾನೇ ಒಂದು ಆಕ್ಷೇಪವನ್ನು ಎತ್ತಬೇಕು. ಎತ್ತದಿದ್ದರೆ ಸಭೆಯಲ್ಲಿರುವ ಅರ್ಥಶಾಸ್ತ್ರದ ಮಿತ್ರರು ನನ್ನನ್ನು ಬಿಡಲಾರರು. ಮುಗಿಲು ಎಷ್ಟೇ ಸಂಕೀರ್ಣವಾಗಿದ್ದರೂ ತನ್ನನ್ನು ಕುರಿತ ಮುನ್ಸೂಚನೆಯನ್ನು ಓದುವುದಿಲ್ಲ. ಮಳೆ ಕಡಮೆಯೆಂದು ಆಕಾಶವಾಣಿ ನುಡಿದರೆ ಮುಗಿಲಿಗೆ ಕಿವಿಯಿಲ್ಲ. ಧಾನ್ಯದ ವರ್ತಕನಿಗೆ ಕಿವಿ ಚೆನ್ನಾಗಿಯೇ ಇದೆ. ಅವನು ಆ ರಾತ್ರಿಯೇ ಉಗ್ರಾಣದ ಬಾಗಿಲನ್ನು ಹಾಕುತ್ತಾನೆ; ಬೆಲೆ ಏರುತ್ತದೆ; ಮಳೆ ಚೆನ್ನಾಗಿ ಬಂದರೂ ಬಡವನ ಮನೆಯಲ್ಲಿ ಬರ ಬಂದಿರುತ್ತದೆ. ತನ್ನನ್ನು ಕುರಿತ ಮಾತನ್ನು ಕೇಳಿ ಬದಲಾಗುವ ವಸ್ತು ಮನುಷ್ಯಶಾಸ್ತ್ರಗಳಿಗೆ ಮಾತ್ರ ಇದೆ, ಮತ್ತು ಇದು ಕೇವಲ ಸಂಕೀರ್ಣತೆಯ ಹೆಚ್ಚುಕಡಮೆಯಲ್ಲ, ಬೇರೊಂದು ಬಗೆ. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಒಪ್ಪಿದ ಮೇಲೆಯೂ, ಗಡಿ ಶಾಸ್ತ್ರಗಳ ನಡುವೆ ಹೋಗುತ್ತದೆಂದು ಒಪ್ಪಲಾರೆ. ಅದು ಮುನ್ಸೂಚನೆಯೆಂಬ ಒಂದೇ ಕಾಗದದ ಎರಡು ಮಗ್ಗುಲುಗಳ ನಡುವೆ ಹೋಗುತ್ತದೆ: ಒಂದು ಮಗ್ಗುಲನ್ನು ಮುಗಿಲಿಗಾಗಿ ಬರೆದಿದೆ, ಇನ್ನೊಂದನ್ನು ವರ್ತಕ ಓದುತ್ತಾನೆ.

ಈ ಎರಡು ಮಗ್ಗುಲುಗಳಲ್ಲಿಯೂ ಬಾಳಿದ ಒಬ್ಬನ ಕಥೆಯನ್ನು ಹೇಳಿ ಮುಗಿಸುತ್ತೇನೆ. ಲೂಯಿಸ್ ರಿಚರ್ಡ್‌ಸನ್ ಎಂಬ ಇಂಗ್ಲಿಷ್ ಭೌತಶಾಸ್ತ್ರಜ್ಞನು, ವಾಕರನು ಕೈಬಿಟ್ಟ ದಾರಿಯನ್ನೇ ಹಿಡಿದು, ಹವೆಯನ್ನು ನೇರವಾಗಿ ಸಮೀಕರಣಗಳಿಂದ ಲೆಕ್ಕ ಹಾಕಹೊರಟನು. ಯುದ್ಧವನ್ನು ಒಪ್ಪದ ಕ್ವೇಕರ್ ಪಂಥದವನಾದುದರಿಂದ, ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದಲ್ಲಿ ಗಾಯಾಳುಗಳನ್ನು ಹೊತ್ತು ಸಾಗಿಸುವ ಕೆಲಸಕ್ಕೆ ಸೇರಿ, ಬಿಡುವಿನ ಹೊತ್ತಿನಲ್ಲಿ, 1910ರ ಮೇ 20ನೆಯ ದಿನದ ಆರು ಗಂಟೆಗಳ ಹವೆಯನ್ನು ಕೈಲೆಕ್ಕದಿಂದ ಕಟ್ಟಿದನು. ವಾಯುಭಾರ ಆರು ಗಂಟೆಗಳಲ್ಲಿ 145 ಮಿಲಿಬಾರ್ ಏರಬೇಕೆಂದು ಲೆಕ್ಕ ಹೇಳಿತು; ಆ ದಿನ ನಿಜವಾಗಿ ಅದು ಹೆಚ್ಚುಕಡಮೆ ಕದಲಿರಲೇ ಇಲ್ಲ. ತನ್ನ ಸೋಲನ್ನು ಅವನು 1922ರ ಗ್ರಂಥದಲ್ಲಿ ಮುಚ್ಚುಮರೆಯಿಲ್ಲದೆ ಅಚ್ಚು ಹಾಕಿಸಿದನು. ಇಂದು ಗಣಕಯಂತ್ರಗಳು ಹವೆಯನ್ನು ನುಡಿಯುವುದು ಆ ಸೋತ ದಾರಿಯಲ್ಲಿಯೇ. ತಾನು ದುಡಿಯುತ್ತಿದ್ದ ಹವಾಮಾನ ಕಚೇರಿ ವಾಯುಸೇನೆಯ ಸಚಿವಾಲಯದ ಕೈಕೆಳಗೆ ಹೋದಾಗ ಅವನು 1920ರಲ್ಲಿ ಕೆಲಸವನ್ನು ತ್ಯಜಿಸಿದನು. ಉಳಿದ ಬಾಳಿನ ಬಹುಭಾಗವನ್ನು ಯುದ್ಧಗಳು ಏಕೆ ಹುಟ್ಟುತ್ತವೆಂಬ ಪ್ರಶ್ನೆಗೆ ಮುಡಿಪಾಗಿಟ್ಟು, ಕಲಹಗಳಲ್ಲಿ ಸತ್ತವರನ್ನು ಎಣಿಸಿ, ಶಸ್ತ್ರಸ್ಪರ್ಧೆಗೆ ಸಮೀಕರಣ ಬರೆದನು. ಜನ ನಿಂತು ಯೋಚಿಸದೆ ಇದ್ದರೆ ಏನು ಮಾಡುವರೋ ಅದನ್ನಷ್ಟೇ ತನ್ನ ಸಮೀಕರಣ ಹೇಳುತ್ತದೆಂದು ಎಚ್ಚರಿಸುವ ವಿನಯವೂ ಅವನಲ್ಲಿತ್ತು.

ಎರಡು ರಾಜ್ಯಗಳ ನಡುವಣ ಗಡಿ ಉದ್ದವಾದಷ್ಟೂ ಅವುಗಳಿಗೆ ಯುದ್ಧವಾಗುವ ಸಂಭವ ಹೆಚ್ಚೆ? ಇದನ್ನು ತಿಳಿಯಲು ಗಡಿಗಳ ಉದ್ದವನ್ನು ಗ್ರಂಥಗಳಲ್ಲಿ ಹುಡುಕುತ್ತ ಹೋದವನಿಗೆ ವಿಚಿತ್ರವೊಂದು ಎದುರಾಯಿತು. ಸ್ಪೇನ್, ಪೋರ್ಚುಗಲ್ ದೇಶಗಳ ನಡುವಣ ಗಡಿಯನ್ನು ಒಂದು ಕಡೆ 987 ಕಿಲೋಮೀಟರ್ ಎಂದು ಬರೆದಿತ್ತು, ಇನ್ನೊಂದು ಕಡೆ 1214 ಎಂದು. ಯಾರೂ ಸುಳ್ಳು ಬರೆದಿರಲಿಲ್ಲ. ನಕಾಶೆಗಳನ್ನು ಹರಡಿಕೊಂಡು, ಕೈವಾರವನ್ನು ಅಗಲವಾಗಿ ಬಿಚ್ಚಿ ಒಮ್ಮೆ, ಕಿರಿದಾಗಿಸಿ ಇನ್ನೊಮ್ಮೆ, ಮತ್ತೂ ಕಿರಿದಾಗಿಸಿ ಮತ್ತೊಮ್ಮೆ ಅವನು ಹೆಜ್ಜೆಯಿಕ್ಕಿಸಿ ನೋಡಿದನು. ಹೆಜ್ಜೆ ಕಿರಿದಾದಷ್ಟೂ ಗಡಿ ಬೆಳೆಯುತ್ತ ಹೋಯಿತು. ಆ ಬರಹ ಅವನ ಮರಣಾನಂತರ, 1961ರಲ್ಲಿ, ಹೆಚ್ಚು ಜನ ಓದದ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. 1967ರಲ್ಲಿ ಗಣಿತಜ್ಞ ಮ್ಯಾಂಡೆಲ್‌ಬ್ರಾಟ್ ಅದನ್ನು ಎತ್ತಿ, ಬ್ರಿಟನ್ನಿನ ಕರಾವಳಿಯ ಉದ್ದವೆಷ್ಟು ಎಂದು ಲೋಕವನ್ನು ಕೇಳುವವರೆಗೂ ಅದು ಅಲ್ಲಿಯೇ ಬಿದ್ದಿತ್ತು.